ಸ್ಕ್ರೂಗೆ ಕೈ ಹಾಕುವ ಮುಂಚೆ: ಮನೆಯಲ್ಲೇ ರೇಂಜ್‌ಫೈಂಡರ್ ಸರಿಮಾಡುವುದು

(ಮೈಸೂರಿನಲ್ಲಿ ಒಂದು ಭಾನುವಾರ ಬೆಳಿಗ್ಗೆ ನಮ್ಮ ಫಿಲ್ಮ್ ಕ್ಯಾಮೆರಾ ಗೆಳೆಯರ ಮುಂದೆ ಆಡಿದ ಮಾತಿನ ಬರಹ ರೂಪ. ಅಲ್ಲಿ ಕೈಯಲ್ಲಿ ಕ್ಯಾಮೆರಾ ಹಿಡಿದು ತೋರಿಸಿದ್ದನ್ನು ಇಲ್ಲಿ ಮಾತಲ್ಲೇ ಹೇಳಬೇಕಾಗಿದ್ದರಿಂದ ಅಲ್ಲಲ್ಲಿ ಉದ್ದವಾಗಿದೆ.)

ಎಲ್ಲರಿಗೂ ನಮಸ್ಕಾರ. ಮೊದಲು ಈ ಫೋಟೋ ಒಂದು ಸುತ್ತು ಕೈಯಿಂದ ಕೈಗೆ ಹೋಗಿ ಬರಲಿ.

ನಮ್ಮ ಅಕ್ಕನದು. ಸಂಜೆ ಹೊತ್ತು, ಹಿತ್ತಲ ಬಾಗಿಲ ಹತ್ತಿರ ಕೂರಿಸಿ ತೆಗೆದದ್ದು. ಒಂದೂಕಾಲು ಮೀಟರ್ ದೂರ, ಲೆನ್ಸಿನ ಬೆಳಕಿನ ಕಿಂಡಿ ಪೂರ್ತಿ ತೆರೆದಿತ್ತು, ಎಫ್/2. ನಾನು ಫೋಕಸ್ ಮಾಡಿದ್ದು ಅವಳ ಎಡಗಣ್ಣಿಗೆ. ಈಗ ನೋಡಿ, ಕಣ್ಣು ಮಂಜುಮಂಜು. ಕಿವಿಯ ಓಲೆ ಪರವಾಗಿಲ್ಲ. ಮುಡಿದ ಮಲ್ಲಿಗೆ ಮಾತ್ರ ಎಸಳೆಸಳು ಎಣಿಸಬಹುದು, ಅಷ್ಟು ಚೂಪು. ಅಕ್ಕ ಇದನ್ನು ನೋಡಿದವಳೇ, "ನನ್ನ ಫೋಟೋ ತೆಗೆದ್ಯೋ, ಹೂವಿಂದೋ?" ಅಂದಳು.

ಆ ಪ್ರಶ್ನೆಗೆ ಉತ್ತರ ಹುಡುಕಲು ನನಗೆ ಎರಡು ತಿಂಗಳು ಹಿಡಿಯಿತು. ಅದರಲ್ಲಿ ಮೊದಲ ಒಂದೂವರೆ ತಿಂಗಳು ಪೂರಾ ವ್ಯರ್ಥ. ಯಾಕೆ ವ್ಯರ್ಥವಾಯಿತು ಅನ್ನುವುದೇ ಇವತ್ತಿನ ಮಾತು.

ಕ್ಯಾಮೆರಾ ಇದು. ಫೆಡ್-2. ಉಕ್ರೇನಿನ ಹಾರ್ಕಿವ್‌ನಲ್ಲಿ 1955ರಿಂದ 1970ರವರೆಗೆ ತಯಾರಾದ ಮಾಡೆಲ್. ಸೋವಿಯತ್ ರಹಸ್ಯ ಪೊಲೀಸ್ ಪಡೆಯನ್ನು ಕಟ್ಟಿದ ಫೆಲಿಕ್ಸ್ ಎಡ್ಮುಂಡೊವಿಚ್ ಜೆರ್ಝಿನ್‌ಸ್ಕಿಯ ಹೆಸರಿನ ಮೂರು ಮೊದಲಕ್ಷರ ಸೇರಿದರೆ ಫೆಡ್. ಅವನ ಹೆಸರಲ್ಲಿ ನಡೆಯುತ್ತಿದ್ದ, ಬೀದಿಪಾಲಾದ ಮಕ್ಕಳ ಕಮ್ಯೂನ್ ಒಂದರಲ್ಲಿ ಶುರುವಾದ ಕಾರ್ಖಾನೆ. 1934ರಲ್ಲಿ ಅಲ್ಲಿಂದ ಹೊರಬಿದ್ದ ಮೊದಲ ಫೆಡ್, ಜರ್ಮನಿಯ ಲೈಕಾದ ನೇರ ನಕಲು. ಫೆಡ್-2 ನಕಲಲ್ಲ, ಅದಕ್ಕೆ ತನ್ನದೇ ಬುದ್ಧಿ ಇದೆ. ಹಿಂಬದಿ ಪೂರ್ತಿ ಕಳಚಿ ಬರುತ್ತದೆ. ಇವತ್ತಿನ ಕೆಲಸಕ್ಕೆ ಅದೊಂದು ಸೌಲಭ್ಯವೇ ಸಾಕು, ಈ ಕ್ಯಾಮೆರಾ ಇಟ್ಟುಕೊಂಡು ಮಾತಾಡಲು. ಲೆನ್ಸನ್ನು ತಿರುಪಿ ಕೂರಿಸುವ ಹಳೇ ಲೈಕಾಗಳಲ್ಲಿ ಫಿಲ್ಮನ್ನು ತಳದಿಂದ ತೂರಿಸಬೇಕು, ಹಿಂದಿನಿಂದ ಇಣುಕಲು ಜಾಗವೇ ಇಲ್ಲ.

ರೇಂಜ್‌ಫೈಂಡರ್ ಅಂದರೇನು ಅಂತ ಹೊಸಬರಿಗಾಗಿ ಎರಡು ಮಾತು. ಕೈ ಮುಂದೆ ಚಾಚಿ ಹೆಬ್ಬೆರಳು ಎತ್ತಿ. ಎಡಗಣ್ಣು ಮುಚ್ಚಿ ನೋಡಿ, ಆಮೇಲೆ ಬಲಗಣ್ಣು ಮುಚ್ಚಿ ನೋಡಿ. ಬೆರಳು ಹಿಂದಿನ ಗೋಡೆಯ ಮೇಲೆ ಅತ್ತಿಂದಿತ್ತ ಜಿಗಿಯುತ್ತದೆ. ಬೆರಳನ್ನು ಮೂಗಿನ ಹತ್ತಿರ ತಂದಷ್ಟೂ ಜಿಗಿತ ಜಾಸ್ತಿ. ಆ ಜಿಗಿತವನ್ನು ಅಳೆದರೆ ದೂರ ಸಿಕ್ಕಿತು. ಕ್ಯಾಮೆರಾಕ್ಕೆ ಎರಡು ಕಣ್ಣಿನ ಬದಲು ಎರಡು ಕಿಟಕಿ. ಒಂದರಿಂದ ನೇರ ಚಿತ್ರ, ಇನ್ನೊಂದರಿಂದ ಪ್ರಿಸಂ ಹಾಯ್ದು ಬಂದ ಚಿತ್ರ. ಎರಡೂ ಅರೆಪಾರದರ್ಶಕ ಕನ್ನಡಿಯ ಮೇಲೆ ಸೇರಿ ನಮ್ಮ ಕಣ್ಣಿಗೆ ಬರುತ್ತವೆ. ಲೆನ್ಸ್ ತಿರುಗಿಸಿದಂತೆ ಪ್ರಿಸಂ ತಿರುಗುತ್ತದೆ, ಜೋಡಿ ಚಿತ್ರ ಒಂದಾದಾಗ ಫೋಕಸ್ ಸರಿ.

ಎರಡು ಕಿಟಕಿಗಳ ನಡುವಿನ ಅಂತರಕ್ಕೆ ಬೇಸ್ ಅನ್ನುತ್ತಾರೆ, ಆಧಾರ ರೇಖೆ. ಸರ್ವೇಯವರ ಮಾತೂ ಅದೇ, ವಿದ್ಯೆಯೂ ಅದೇ. 1800ರಲ್ಲಿ ಬ್ರಿಟಿಷ್ ಸೈನ್ಯಾಧಿಕಾರಿ ವಿಲಿಯಂ ಲ್ಯಾಂಬ್ಟನ್ ಮೈಸೂರು ಸೀಮೆಯ ಸರ್ವೇಗೆಂದು ಬೆಂಗಳೂರಿನ ಬಳಿ ಉಕ್ಕಿನ ಸರಪಳಿ ಹಾಸಿ ಅಳೆದ ಆಧಾರ ರೇಖೆ ಸುಮಾರು ಏಳೂವರೆ ಮೈಲಿ. ಅದರ ಎರಡು ತುದಿಯಿಂದ ಒಂದೇ ಗುಡ್ಡವನ್ನು ನೋಡಿ ಕೋನ ಅಳೆದರೆ ಗುಡ್ಡ ಎಷ್ಟು ದೂರ ಅಂತ ಲೆಕ್ಕ. ನನ್ನ ಫೆಡ್-2ರ ಆಧಾರ ರೇಖೆ 67 ಮಿಲಿಮೀಟರ್. ಹೆಚ್ಚುಕಮ್ಮಿ ನಮ್ಮ ಎರಡು ಕಣ್ಣಿನ ಅಂತರ. ಮಾಸ್ಕೋ ಹತ್ತಿರದ ಕ್ರಾಸ್ನೋಗೋರ್ಸ್ಕ್‌ನ ಜೋರ್ಕಿ-4ರದು 38. 1954ರ ಲೈಕಾ ಎಂ3ರದು 68.5. ಈ ಸಂಖ್ಯೆ ದೊಡ್ಡದಿದ್ದಷ್ಟೂ ಒಳ್ಳೆಯದು, ನ್ಯಾಯವಾಗಿ ಹೇಳಬೇಕೆಂದರೆ ಫೆಡ್-2 ಈ ಒಂದು ವಿಷಯದಲ್ಲಿ ಯಾರಿಗೂ ತಲೆ ತಗ್ಗಿಸಬೇಕಿಲ್ಲ.

ಈಗ ಮುಖ್ಯ ಸಂಗತಿಗೆ ಬರುತ್ತೇನೆ. ಜರ್ಮನಿಯ ಆಸ್ಕರ್ ಬಾರ್ನಾಕ್ ರೂಪಿಸಿದ ಲೈಕಾ 1925ರಲ್ಲಿ ಮಾರುಕಟ್ಟೆಗೆ ಬಂದಾಗ ಅದರಲ್ಲಿ ರೇಂಜ್‌ಫೈಂಡರ್ ಇರಲೇ ಇಲ್ಲ. ದೂರ ಅಂದಾಜು ಮಾಡಬೇಕು, ಇಲ್ಲವೇ ಬೇರೆ ಸಾಧನದಲ್ಲಿ ಅಳೆದು ಆ ಸಂಖ್ಯೆಯನ್ನು ಲೆನ್ಸಿನ ಮೇಲೆ ಇಡಬೇಕು. 1932ರಲ್ಲಿ ಲೈಕಾ II ಬಂತು. ಅದೇ ವರ್ಷ ಜೈಸ್ ಇಕಾನ್‌ನ ಕಾಂಟ್ಯಾಕ್ಸ್ ಕೂಡ ಬಂತು. ಎರಡರಲ್ಲೂ ರೇಂಜ್‌ಫೈಂಡರನ್ನು ಲೆನ್ಸಿಗೆ ಗಂಟು ಹಾಕಿದ್ದರು. ಈ ಫೆಡ್‌ನ ಲೆನ್ಸ್ ಕಳಚಿ ಒಳಗೆ ನೋಡಿ, ಮೇಲುಗಡೆ ನಾಲಗೆಯ ಹಾಗೆ ಒಂದು ಲೋಹದ ತುಂಡು ಚಾಚಿಕೊಂಡಿದೆಯಲ್ಲ, ಅದೇ ಆ ಗಂಟು. ಲೈಕಾದಲ್ಲಿ ಅಲ್ಲೊಂದು ಪುಟ್ಟ ಗಾಲಿ ಇರುತ್ತದೆ, ಇದರಲ್ಲಿ ನಾಲಗೆ. ಲೆನ್ಸಿನ ಹಿಂಬದಿಯ ಕೊಳವೆ ಅದನ್ನು ಒತ್ತಿ ಹಿಡಿದಿರುತ್ತದೆ. ಹತ್ತಿರಕ್ಕೆ ಫೋಕಸ್ ಮಾಡಿದರೆ ಲೆನ್ಸ್ ಮುಂದೆ ಸರಿಯುತ್ತದೆ, ನಾಲಗೆ ಸ್ಪ್ರಿಂಗಿನ ಬಲದಲ್ಲಿ ಅದನ್ನೇ ಹಿಂಬಾಲಿಸುತ್ತದೆ, ಅದರ ಇನ್ನೊಂದು ತುದಿಯಲ್ಲಿ ಪ್ರಿಸಂ ತಿರುಗುತ್ತದೆ.

ಇಲ್ಲಿ ಸ್ವಲ್ಪ ನಿಲ್ಲೋಣ. ರೇಂಜ್‌ಫೈಂಡರ್ ಫಿಲ್ಮನ್ನು ನೋಡುತ್ತಿಲ್ಲ. ಲೆನ್ಸಿನ ಗಾಜಿನಲ್ಲಿ ಏನು ಮೂಡುತ್ತಿದೆ ಅಂತಲೂ ಅದಕ್ಕೆ ಗೊತ್ತಿಲ್ಲ. ಅದು ಮುಟ್ಟುತ್ತಿರುವುದು ಲೆನ್ಸಿನ ಹಿಂದಿನ ಲೋಹದ ಅಂಚನ್ನು ಮಾತ್ರ. ಆ ಅಂಚು ಇಂಥ ಜಾಗದಲ್ಲಿದ್ದರೆ ಚಿತ್ರ ಫಿಲ್ಮಿನ ಮೇಲೆ ಚೂಪಾಗಿ ಬಿದ್ದಿರುತ್ತದೆ ಅನ್ನುವುದು ಕಾರ್ಖಾನೆಯಲ್ಲಿ ಆಗಿದ್ದ ಒಂದು ಒಪ್ಪಂದ. ಲೆನ್ಸಿಗೂ ದೇಹಕ್ಕೂ ಆದ ಒಪ್ಪಂದ. ಅಕ್ಕನ ಫೋಟೋದಲ್ಲಿ ಒಪ್ಪಂದ ಮುರಿದಿತ್ತು. ಮುರಿದವರು ಯಾರು ಅಂತ ವಿಚಾರಿಸದೆ ನಾನು ರೇಂಜ್‌ಫೈಂಡರನ್ನೇ ತಪ್ಪಿತಸ್ಥ ಅಂತ ತೀರ್ಮಾನಿಸಿಬಿಟ್ಟೆ. ಯಾಕೆ? ತಿರುಗಿಸಲು ಕೈಗೆ ಸಿಗುವ ಸ್ಕ್ರೂ ಅದರಲ್ಲಿತ್ತು, ಅಷ್ಟೇ!

ಎಷ್ಟು ಸೂಕ್ಷ್ಮದ ಕೆಲಸ ಅಂತ ಅಂದಾಜು ಸಿಗಲಿ. 50 ಮಿ.ಮೀ. ಲೆನ್ಸು ಇನ್ಫಿನಿಟಿಯಿಂದ, ಅಂದರೆ ಅತಿ ದೂರದ ಫೋಕಸಿನಿಂದ, ಒಂದು ಮೀಟರಿಗೆ ಬರಲು ಮುಂದೆ ಸರಿಯುವುದು ಸುಮಾರು 2.8 ಮಿ.ಮೀ. ಮಾತ್ರ. ಚಾಮುಂಡಿ ಬೆಟ್ಟದಿಂದ ಎದುರಿಗೆ ಕೂತವರ ಮೂಗಿನವರೆಗಿನ ಇಡೀ ಜಗತ್ತು ಆ 2.8 ಮಿ.ಮೀ.ನೊಳಗೆ ಮಡಿಸಿಕೊಂಡಿದೆ. ಒಂದು ಜೆರಾಕ್ಸ್ ಹಾಳೆಯ ದಪ್ಪ ಸುಮಾರು 0.1 ಮಿ.ಮೀ. ಲೆನ್ಸು ಇರಬೇಕಾದ ಜಾಗಕ್ಕಿಂತ ಒಂದು ಹಾಳೆಯಷ್ಟು ಮುಂದಿದ್ದರೆ ಇನ್ಫಿನಿಟಿ ಅಂತ ನೀವು ಇಟ್ಟ ಫೋಕಸ್ ನಿಜವಾಗಿ 25 ಮೀಟರಿಗೆ ಬಿದ್ದಿರುತ್ತದೆ. ಅದೇ ಹಾಳೆಯಷ್ಟು ತಪ್ಪು ಒಂದು ಮೀಟರ್ ದೂರದಲ್ಲಿ ಮೂರು ಸೆಂಟಿಮೀಟರ್ ಆಗುತ್ತದೆ. ಎಫ್/8ರಲ್ಲಿ, ಅಂದರೆ ಕಿಂಡಿ ಕಿರಿದು ಮಾಡಿ, ತೆಗೆದರೆ ಚೂಪಾಗಿ ಕಾಣುವ ಆಳ ಹೆಚ್ಚುತ್ತದೆ, ಇದು ಕಾಣಿಸುವುದೇ ಇಲ್ಲ. ಹಾಗಾಗಿಯೇ ಬಿಸಿಲಲ್ಲಿ ವರ್ಷಗಟ್ಟಲೆ ಚೆನ್ನಾಗಿ ಬರುತ್ತಿದ್ದ ಕ್ಯಾಮೆರಾ ಒಂದು ಸಂಜೆ ಎಫ್/2ರಲ್ಲಿ ಕೈ ಕೊಡುತ್ತದೆ. ಕ್ಯಾಮೆರಾ ಅವತ್ತು ಕೆಟ್ಟದ್ದಲ್ಲ, ಅವತ್ತು ಸಿಕ್ಕಿಬಿದ್ದದ್ದು.

ನನ್ನ ವ್ಯರ್ಥ ಪ್ರಯತ್ನದ ಕತೆ ಬೇಗ ಮುಗಿಸುತ್ತೇನೆ. ಸ್ಕ್ರೂ ತಿರುಗಿಸಿ ಒಂದು ಮೀಟರಿಗೆ ಅಂದಾಜಿನಲ್ಲಿ ಹೊಂದಿಸಿದೆ. ಹತ್ತಿರದ ಫೋಟೋ ಸುಮಾರಾಗಿ ಬಂತು, ಮೂರು ಮೀಟರಿನದು ಕೆಟ್ಟಿತು. ಮತ್ತೆ ತಿರುಗಿಸಿದೆ. ಪ್ರತಿ ಸಲ ಒಂದು ರೀಲು, ತೊಳೆಸುವ ಖರ್ಚು, ಒಂದು ವಾರ ಕಾಯುವುದು. ನಾಲ್ಕು ರೀಲು ಆದ ಮೇಲೆ ಸ್ಕ್ರೂ ಮೂಲತಃ ಎಲ್ಲಿತ್ತು ಅನ್ನುವುದೂ ಮರೆತುಹೋಯಿತು. ಆಮೇಲೆ ಬುದ್ಧಿ ಬಂದು, ಫಿಲ್ಮ್ ಬೇಡ, ಫಿಲ್ಮ್ ಇರುವ ಜಾಗದಲ್ಲೇ ಕಣ್ಣಿಟ್ಟು ನೋಡೋಣ ಅಂದುಕೊಂಡೆ.

ಅದಕ್ಕೆ ಬೇಕಾದ್ದು ಒಂದು ಮಬ್ಬು ಗಾಜು. ಗಾಜಿನಂಗಡಿಯಲ್ಲಿ ಫೋಟೋ ಫ್ರೇಮಿನ ತೆಳು ಗಾಜಿನಿಂದ ಒಂದು ಪಟ್ಟಿ ಕತ್ತರಿಸಿಕೊಳ್ಳಿ. ಅಗಲ 35 ಮಿ.ಮೀ.ಗಿಂತ ಕೂದಲೆಳೆಯಷ್ಟು ಕಡಿಮೆ ಇರಲಿ, ಅಂಚನ್ನು ಉಜ್ಜಿಸಿಕೊಳ್ಳಿ, ಇಲ್ಲದಿದ್ದರೆ ಫಿಲ್ಮಿಗೆ ಬೆಳಕು ತಡೆಯುವ ಶಟರ್ ಬಟ್ಟೆ ಹರಿದೀತು. ಒಂದು ಮುಖಕ್ಕೆ ಮಂಕಾದ ಪಾರದರ್ಶಕ ಟೇಪ್ ಸುಕ್ಕಿಲ್ಲದೆ ಅಂಟಿಸಿ. ಹೊಳೆಯುವ ಟೇಪ್ ನಡೆಯದು. ಕ್ಯಾಮೆರಾದ ಹಿಂಬದಿ ತೆಗೆದು, ಟೇಪ್ ಇರುವ ಮುಖ ಲೆನ್ಸಿನ ಕಡೆ ಬರುವಂತೆ ಇಡಬೇಕು. ಎಲ್ಲಿ ಇಡಬೇಕು ಅನ್ನುವುದರಲ್ಲೇ ಬಹಳ ಜನ ಎಡವುತ್ತಾರೆ. ಫಿಲ್ಮಿನ ಚೌಕದ ಮೇಲೆ ಕೆಳಗೆ ಎರಡೆರಡು ಕಂಬಿಗಳಿವೆ. ಒಳಗಿನ ಜೋಡಿ ತಗ್ಗು, ಹೊರಗಿನದು ಎತ್ತರ. ಫಿಲ್ಮ್ ಒರಗುವುದು ಒಳಗಿನ ಕಂಬಿಗೆ. ಹೊರಗಿನದು ಫಿಲ್ಮನ್ನು ಒತ್ತುವ ತಟ್ಟೆಗೆ. ಗಾಜನ್ನು ಹೊರಗಿನ ಕಂಬಿಯ ಮೇಲೆ ಇಟ್ಟರೆ ಅಲ್ಲೇ ಎರಡು ಹಾಳೆಯಷ್ಟು ತಪ್ಪು ಸೇರಿಕೊಂಡಿತು, ಆಮೇಲೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಒಳಕಂಬಿಯ ಮೇಲಿಟ್ಟು ರಬ್ಬರ್ ಬ್ಯಾಂಡ್ ಹಾಕಿ.

ಶಟರನ್ನು ಬಿ ಮೇಲೆ (ಒತ್ತಿ ಹಿಡಿದಷ್ಟು ಹೊತ್ತೂ ತೆರೆದಿರುವ ಸ್ಪೀಡ್) ಇಟ್ಟು, ಗುಂಡಿಗೆ ಸಿಕ್ಕಿಸುವ ಕೇಬಲ್ ರಿಲೀಸಿನಿಂದ ತೆರೆದಿಡಿ. ಇಲ್ಲೊಂದು ಎಚ್ಚರಿಕೆ, ಈ ಸೋವಿಯತ್ ಕ್ಯಾಮೆರಾಗಳಲ್ಲಿ ಮೊದಲು ಶಟರನ್ನು ಸುತ್ತಿ ಸಜ್ಜು ಮಾಡಿ ಆಮೇಲೆ ಸ್ಪೀಡ್ ಬದಲಿಸಬೇಕು, ಉಲ್ಟಾ ಮಾಡಿದರೆ ಒಳಗಿನ ಹಲ್ಲು ಮುರಿಯಬಹುದು. ಇನ್ನೊಂದು, ಸೂರ್ಯನ ಕಡೆ ಯಾವತ್ತೂ ಹಿಡಿಯಬೇಡಿ. ಇದರಲ್ಲಿ ಎಸ್‌ಎಲ್‌ಆರ್ ಥರ ಅಡ್ಡ ಕನ್ನಡಿ ಇಲ್ಲ, ಶಟರ್ ಮುಚ್ಚಿದ್ದರೆ ಭೂತಗನ್ನಡಿಯಲ್ಲಿ ಕಾಗದ ಸುಟ್ಟಂತೆ ಶಟರ್ ಬಟ್ಟೆಗೆ ತೂತು ಬೀಳುತ್ತದೆ. ಗಾಜಿನ ಮೇಲೆ ಬಿದ್ದ ತಲೆಕೆಳಗಾದ ಚಿತ್ರವನ್ನು ವಾಚ್ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿಯಿಂದ ನೋಡಿ.

ಇನ್ಫಿನಿಟಿಗೆ ಏನನ್ನು ನೋಡಬೇಕು? ಎದುರು ಮನೆಯ ತೆಂಗಿನಮರ ಸಾಲದು. ಲೆಕ್ಕ ಹೇಳುತ್ತೇನೆ. 67 ಮಿ.ಮೀ. ಆಧಾರ ರೇಖೆಗೆ ನೂರು ಮೀಟರ್ ದೂರದ ವಸ್ತುವಿನ ಕೋನ 2.3 ಆರ್ಕ್ ಮಿನಿಟ್. ಒಂದು ಡಿಗ್ರಿಯಲ್ಲಿ ಅರವತ್ತು ಮಿನಿಟ್. ಒಳ್ಳೆಯ ಕಣ್ಣು ಒಂದು ಮಿನಿಟಿನ ವ್ಯತ್ಯಾಸವನ್ನೂ ಗುರುತಿಸಬಲ್ಲದು. ಅಂದರೆ ನೂರು ಮೀಟರಿನ ಮರಕ್ಕೆ ಇನ್ಫಿನಿಟಿ ಹೊಂದಿಸಿದರೆ ತಪ್ಪು ಕಣ್ಣಿಗೇ ಕಾಣುವಷ್ಟು ಇರುತ್ತದೆ. ಒಂದು ಕಿಲೋಮೀಟರ್ ಆಚೆಗೆ ಹೋದರೆ ಕೋನ ಕಾಲು ಮಿನಿಟಿಗಿಂತಲೂ ಕಡಿಮೆ, ಅಲ್ಲಿಂದ ಮುಂದೆ ನಿಶ್ಚಿಂತೆ. ನಾವು ಮೈಸೂರಿನವರು ಪುಣ್ಯವಂತರು, ತಾರಸಿ ಹತ್ತಿದರೆ ಬೆಟ್ಟದ ದೀಪಗಳ ಸಾಲು. ಬೇರೆ ಊರಿನವರು ದೂರದ ಟವರಿನ ಕೆಂಪು ದೀಪ ಹಿಡಿಯಿರಿ, ಇಲ್ಲವೇ ಚಂದ್ರ. ರಾತ್ರಿಯ ಚುಕ್ಕೆ ದೀಪಕ್ಕೆ ಹಗಲಿನ ಕಟ್ಟಡಕ್ಕಿಲ್ಲದ ಒಂದು ಗುಣ ಇದೆ, ಜೋಡಿ ಚಿತ್ರ ಅಡ್ಡಕ್ಕೆ ತಪ್ಪಿದೆಯೋ ಮೇಲೆ ಕೆಳಗೆ ತಪ್ಪಿದೆಯೋ ಒಂದೇ ನೋಟಕ್ಕೆ ಹೇಳಿಬಿಡುತ್ತದೆ.

ಆ ರಾತ್ರಿ ತಾರಸಿಯಲ್ಲಿ ಲೆನ್ಸನ್ನು ಇನ್ಫಿನಿಟಿಗೆ ತಿರುಗಿಸಿ, ಅದು ತಡೆದು ನಿಲ್ಲುವ ಕಡೆ ನಿಲ್ಲಿಸಿ, ಗಾಜಿನಲ್ಲಿ ನೋಡಿದೆ. ಬೆಟ್ಟದ ದೀಪಗಳು ಚುಕ್ಕೆಯಾಗಿರಲಿಲ್ಲ, ಅವಲಕ್ಕಿ ಕಾಳಿನಂತೆ ಚಪ್ಪಟೆ ಬಿಲ್ಲೆಗಳಾಗಿದ್ದವು. ನನಗೆ ಮೈ ತಣ್ಣಗಾಯಿತು. ರೇಂಜ್‌ಫೈಂಡರಿಗೆ ಇದರಲ್ಲಿ ಪಾತ್ರವೇ ಇಲ್ಲವಲ್ಲ! ಲೆನ್ಸಿನ ಇನ್ಫಿನಿಟಿಯೇ ಇನ್ಫಿನಿಟಿ ಅಲ್ಲ. ಒಂದೂವರೆ ತಿಂಗಳು ನಾನು ಗಡಿಯಾರ ಸರಿ ಇದ್ದರೂ ತಪ್ಪು ಪಂಚಾಂಗ ನೋಡಿ ಮುಳ್ಳು ತಿರುಗಿಸುತ್ತಿದ್ದೆ.

ಲೆನ್ಸು ಫಿಲ್ಮಿಗೆ ಹತ್ತಿರವಾಗಿದೆಯೋ ದೂರವೋ? ಅದಕ್ಕೊಂದು ಸುಲಭ ಪರೀಕ್ಷೆ. ಈ ಲೆನ್ಸುಗಳು ಸ್ಕ್ರೂ ಥರ ಕೂರುತ್ತವೆ, 39 ಮಿ.ಮೀ. ವ್ಯಾಸ, ಒಂದು ಸುತ್ತಿಗೆ ಹತ್ತಿರ ಹತ್ತಿರ ಒಂದು ಮಿ.ಮೀ. ಮುಂದೆ ಬರುತ್ತವೆ. ಫೋಕಸನ್ನು ಇನ್ಫಿನಿಟಿಯಲ್ಲೇ ಬಿಟ್ಟು ಇಡೀ ಲೆನ್ಸನ್ನೇ ದೇಹದಿಂದ ನಿಧಾನವಾಗಿ ಬಿಚ್ಚುತ್ತ ಬಂದೆ. ಕಾಲು ಸುತ್ತಿಗೆ ಸ್ವಲ್ಪ ಮುಂಚೆ ಬಿಲ್ಲೆಗಳು ಕುಗ್ಗಿ ಕುಗ್ಗಿ ಚುಕ್ಕೆಗಳಾದವು. ಬೆಟ್ಟದ ರಸ್ತೆಯ ತಿರುವು ಕೂಡ ಗೊತ್ತಾಯಿತು. ಕಾಲು ಸುತ್ತು ಅಂದರೆ ಕಾಲು ಮಿ.ಮೀ. ಅಷ್ಟು ಲೆನ್ಸು ಒಳಗೆ ಕೂತಿತ್ತು. ಮರುದಿನ ಕಾಗದದ ಮೇಲೆ ಲೆಕ್ಕ ಹಾಕಿದೆ: ಅಷ್ಟು ತಪ್ಪಿಗೆ ಒಂದೂಕಾಲು ಮೀಟರ್ ದೂರದಲ್ಲಿ ಫೋಕಸ್ ಹದಿಮೂರು ಹದಿನಾಲ್ಕು ಸೆಂಟಿಮೀಟರ್ ಹಿಂದೆ ಬೀಳಬೇಕು. ಕಣ್ಣಿನಿಂದ ಮುಡಿಯ ಮಲ್ಲಿಗೆಗೆ ಎಷ್ಟು? ಅಕ್ಕನ ತಲೆಗೆ ಸ್ಕೇಲ್ ಹಿಡಿಯಲು ಹೋಗಿ ಬೈಸಿಕೊಂಡೆ, ಆದರೆ ಲೆಕ್ಕ ಕೂತಿತು.

ಲೆನ್ಸು ಜುಪಿಟರ್-8. ಇದರ ಗಾಜಿನ ಭಾಗ ಒಂದು ಉಂಡೆಯಾಗಿ ಫೋಕಸ್ ಕೊಳವೆಯೊಳಗೆ ತಿರುಪಿ ಕೂರುತ್ತದೆ. ಎರಡರ ನಡುವೆ ತೆಳ್ಳನೆ ಲೋಹದ ಬಳೆ, ಷಿಮ್. ಒಂದೊಂದು ಲೆನ್ಸಿಗೂ ಅಳೆದು ಹಾಕಿದ ಬಳೆ. ನನ್ನದರಲ್ಲಿ ಅದು ಇರಲೇ ಇಲ್ಲ. ನನಗಿಂತ ಮುಂಚೆ ಯಾರೋ ಲೆನ್ಸು ಬಿಚ್ಚಿ ಒರೆಸಿ, ಬಳೆಯನ್ನು ಎಲ್ಲೋ ಬೀಳಿಸಿ, ಮತ್ತೆ ಮುಚ್ಚಿದ್ದಾರೆ. ಬಳೆ ಇಲ್ಲದ್ದರಿಂದ ಗಾಜು ಕಾಲು ಮಿ.ಮೀ. ಒಳಗೆ ಹೋಯಿತು. ರೇಂಜ್‌ಫೈಂಡರ್ ಮುಟ್ಟುವ ಅಂಚು ಮಾತ್ರ ಇದ್ದಲ್ಲೇ ಇತ್ತು. ಪಾಪ, ಅದು ಮೊದಲಿನಿಂದ ನಿಜವನ್ನೇ ಹೇಳುತ್ತಿತ್ತು.

ಮೊದಲು ಜೆರಾಕ್ಸ್ ಹಾಳೆಯಿಂದ ಬಳೆ ಕತ್ತರಿಸಿ ಹಾಕಿ ನೋಡಿದೆ. ಎರಡು ಹಾಳೆಗೆ ಇನ್ನೂ ತುಸು ಕಮ್ಮಿ, ಮೂರಕ್ಕೆ ಜಾಸ್ತಿ. ಆಮೇಲೆ ತೆಳು ಹಿತ್ತಾಳೆ ಹಾಳೆ ತಂದು, ಕತ್ತರಿಸಿ, ಅಂಚು ಉಜ್ಜಿ ಕೂರಿಸಿದೆ. ಕಾಗದವನ್ನೇ ಬಿಡಬಾರದೇ ಅಂತ ಕೇಳಬಹುದು. ಮಳೆಗಾಲದಲ್ಲಿ ಕಾಗದ ಉಬ್ಬುತ್ತದೆ. ನಮ್ಮ ಹಪ್ಪಳವೇ ಸಾಕ್ಷಿ.

ಇಷ್ಟಾದ ಮೇಲೆ ರೇಂಜ್‌ಫೈಂಡರಿನ ಕೆಲಸ. ಹೌದು, ಸರಿ ಇದ್ದದ್ದನ್ನು ನಾನೇ ಕೆಡಿಸಿದ್ದೆನಲ್ಲ, ಅದನ್ನು ಸರಿಮಾಡಬೇಕಿತ್ತು.

ನೋಡುಕಿಂಡಿ ನಿಮ್ಮ ಕಣ್ಣಿಗೆ ಹೊಂದಿದೆಯೋ ಮೊದಲು ನೋಡಿ. ಫೆಡ್-2ರಲ್ಲಿ ಫಿಲ್ಮ್ ಹಿಂದೆ ಸುತ್ತುವ ಗುಂಡಿಯ ಕೆಳಗೆ ಅದಕ್ಕೊಂದು ಹಿಡಿ ಇದೆ. ನನ್ನ ವಯಸ್ಸಿನವರು ಇದನ್ನು ಮರೆತು ಕ್ಯಾಮೆರಾವನ್ನು ಬೈಯುತ್ತಾರೆ.

ಸ್ಕ್ರೂಡ್ರೈವರ್ ವಾಚ್ ರಿಪೇರಿಯ ಸೆಟ್ಟಿನದಿರಲಿ. ತುದಿ ಸ್ಕ್ರೂವಿನ ಗೀರಿಗೆ ಬಿಗಿಯಾಗಿ ಕೂರಬೇಕು, ಸಡಿಲ ಇದ್ದರೆ ಜಾರಿ ಕ್ಯಾಮೆರಾದ ಮುಖದ ಮೇಲೆ ಗೀಚು. ಬಿಚ್ಚಿದ ಸ್ಕ್ರೂ ಇಡಲು ನಾನು ಪಡ್ಡು ಕಾವಲಿ ಬಳಸುತ್ತೇನೆ, ಗುಳಿ ಗುಳಿಯಾಗಿ ಕ್ರಮವಾಗಿ ಇಡಬಹುದು. ಎಣ್ಣೆ ಒರೆಸಿಕೊಳ್ಳಿ. ಮನೆಯವರಿಗೆ ಹೇಳಿಯೂ ಇಡಿ, ಇಲ್ಲದಿದ್ದರೆ ಬೆಳಗಿನ ತಿಂಡಿಯಲ್ಲಿ ಸ್ಕ್ರೂ ಸಿಗುತ್ತದೆ.

ಮೇಲೆ ಕೆಳಗಿನ ತಪ್ಪನ್ನು ಮೊದಲು ತಿದ್ದಬೇಕು, ಅಡ್ಡದ್ದನ್ನು ಆಮೇಲೆ. ಕಾರಣ ಇದೆ. ಮುಂಭಾಗದಲ್ಲಿ ಪುಟ್ಟ ದುಂಡು ಕಿಟಕಿಯ ಸುತ್ತ ಒಂದು ಬಳೆ ಇದೆಯಲ್ಲ, ಅದನ್ನು ತಿರುಗಿಸಿ ತೆಗೆದರೆ ಒಳಗೊಂದು ಗಾಜಿನ ಬಿಲ್ಲೆ. ನೋಡಲು ಚಪ್ಪಟೆ, ನಿಜವಾಗಿ ಒಂದು ಕಡೆ ದಪ್ಪ ಒಂದು ಕಡೆ ತೆಳು, ಬಾಗಿಲಿಗೆ ಇಡುವ ಬೆಣೆಯ ಹಾಗೆ. ಅದನ್ನು ತಿರುಗಿಸಿದರೆ ಜೋಡಿ ಚಿತ್ರ ಒಂದು ಪುಟ್ಟ ವೃತ್ತದಲ್ಲಿ ಸುತ್ತುತ್ತದೆ. ಮೇಲೆ ಹೋಗುವಾಗ ಪಕ್ಕಕ್ಕೂ ಹೋಗುತ್ತದೆ. ಮೊದಲೇ ಅಡ್ಡ ಸರಿಮಾಡಿದ್ದರೆ ಇದು ಅದನ್ನು ಮತ್ತೆ ಕೆಡಿಸುತ್ತದೆ. ಟೂತ್‌ಪಿಕ್‌ನ ತುದಿಯಿಂದ ಕೂದಲೆಳೆಯಷ್ಟು ತಿರುಗಿಸಿ, ನೋಡಿ, ಮತ್ತೆ ತಿರುಗಿಸಿ. ಎರಡು ಚಿತ್ರ ಒಂದೇ ಎತ್ತರಕ್ಕೆ ಬಂದರೆ ಸಾಕು, ಪಕ್ಕಕ್ಕೆ ಎಷ್ಟೇ ದೂರ ಇದ್ದರೂ ಚಿಂತೆ ಬೇಡ. ಬಳೆ ಹಾಕಿ ಬಿಗಿ ಮಾಡುವಾಗ ಬಿಲ್ಲೆಯೂ ಜೊತೆಗೆ ತಿರುಗುತ್ತದೆ, ಆ ಕಿರಿಕಿರಿಗೆ ತಾಳ್ಮೆ ಬಿಟ್ಟರೆ ಬೇರೆ ಔಷಧ ನನಗೆ ಸಿಕ್ಕಿಲ್ಲ.

ಆಮೇಲೆ ಇನ್ಫಿನಿಟಿ. ಅದೇ ದುಂಡು ಕಿಟಕಿಯ ಪಕ್ಕದಲ್ಲಿ ಒಂದು ಸಣ್ಣ ಸ್ಕ್ರೂ ಇದೆ. ಅದು ಬರೀ ಮುಚ್ಚಳ. ತೆಗೆದರೆ ತೂತಿನೊಳಗೆ ನಿಜವಾದ ಸ್ಕ್ರೂ. ಲೆನ್ಸು ಇನ್ಫಿನಿಟಿಯಲ್ಲಿ ತಡೆದು ನಿಂತಿರಲಿ, ಕ್ಯಾಮೆರಾ ಸ್ಟ್ಯಾಂಡಿನ ಮೇಲಿರಲಿ, ಬೆಟ್ಟದ ಒಂದು ದೀಪ ಹಿಡಿದು ಜೋಡಿ ಚುಕ್ಕೆ ಒಂದಾಗುವವರೆಗೆ ತಿರುಗಿಸಿ. ಒಂದು ಸಲ ಒಂದಾದ ಮೇಲೆ ಲೆನ್ಸನ್ನು ಹತ್ತಿರಕ್ಕೆ ತಂದು ಮತ್ತೆ ಇನ್ಫಿನಿಟಿಗೆ ಹೋಗಿ ನೋಡಿ, ನಾಲ್ಕೈದು ಸಲ. ಪ್ರತಿ ಸಲವೂ ಅದೇ ಜಾಗಕ್ಕೆ ಬರಬೇಕು. ಒಂದೊಂದು ಸಲ ಒಂದೊಂದು ಕಡೆ ನಿಂತರೆ ಒಳಗೆ ಜಿಡ್ಡು ಗಟ್ಟಿಯಾಗಿ ನಾಲಗೆ ತಡೆಯುತ್ತಿದೆ ಅಂತ ಅರ್ಥ. ಆಗ ಸ್ಕ್ರೂ ತಿರುಗಿಸಿ ಪ್ರಯೋಜನವಿಲ್ಲ. ದಸರಾ ಸಮಯವಾದರೆ ಬೆಟ್ಟದ ಮೇಲೆ ಹೊತ್ತಿಸುವ 'ಸುಸ್ವಾಗತ' ಇದಕ್ಕೆ ಹೇಳಿ ಮಾಡಿಸಿದ್ದು. ಒತ್ತಕ್ಷರ ಎರಡೆರಡಾಗಿ ಕಂಡರೆ ಇನ್ನೂ ಕೆಲಸ ಬಾಕಿ.

ಕೊನೆಗೆ ಒಂದು ಮೀಟರ್. ಇಲ್ಲಿ ಟೇಪು ಹಿಡಿಯುವುದು ಲೆನ್ಸಿನ ಮುಂದಿನಿಂದಲ್ಲ, ಫಿಲ್ಮಿನಿಂದ. ಮೇಜಿನ ಮೇಲೆ ಬೆಂಕಿಕಡ್ಡಿಗಳನ್ನು ಓರೆಯಾಗಿ ಸಾಲು ನಿಲ್ಲಿಸಿ, ಎರಡೆರಡು ಸೆಂಟಿಮೀಟರಿಗೆ ಒಂದು. ಮಧ್ಯದ ಕಡ್ಡಿಗೆ ಮಾತ್ರ ಮಸಿ ಹಚ್ಚಿ. ರೇಂಜ್‌ಫೈಂಡರಿನಲ್ಲಿ ಅದಕ್ಕೆ ಫೋಕಸ್ ಮಾಡಿ, ಹಿಂದಿನ ಮಬ್ಬು ಗಾಜಿನಲ್ಲಿ ಯಾವ ಕಡ್ಡಿ ಚೂಪಾಗಿದೆ ನೋಡಿ. ಎಫ್/2ರಲ್ಲಿ ಒಂದು ಮೀಟರ್ ದೂರದಲ್ಲಿ ಚೂಪಾಗಿ ಕಾಣುವ ಆಳ ಒಟ್ಟು ಐದು ಸೆಂಟಿಮೀಟರಿಗಿಂತ ಕಡಿಮೆ, ಹಾಗಾಗಿ ಒಂದು ಕಡ್ಡಿ ಹಿಂದುಮುಂದಾದರೆ ಕ್ಷಮಿಸಬಹುದು.

ಇನ್ಫಿನಿಟಿ ಸರಿ, ಒಂದು ಮೀಟರ್ ತಪ್ಪು ಅಂತಾದರೆ? ತಕ್ಕಡಿ ನೆನಪಿಸಿಕೊಳ್ಳಿ. ಖಾಲಿ ತಕ್ಕಡಿ ಒಂದು ಕಡೆ ವಾಲಿದರೆ ಅಂಗಡಿಯವರು ಇನ್ನೊಂದು ಕಡೆ ಪುಟ್ಟ ಭಾರ ಒಂದನ್ನು, ಪಾಸಂಗವನ್ನು, ಕಟ್ಟುತ್ತಿದ್ದರು. ಇನ್ಫಿನಿಟಿ ಸ್ಕ್ರೂ ಅಂದರೆ ಪಾಸಂಗ, ಎಲ್ಲ ದೂರಕ್ಕೂ ಒಂದೇ ಸಮನೆ ಕೂಡುತ್ತದೆ ಇಲ್ಲವೇ ಕಳೆಯುತ್ತದೆ. ಆದರೆ ತಕ್ಕಡಿಯ ಕೋಲಿನ ಎರಡು ತೋಳೇ ಉದ್ದ ಗಿಡ್ಡ ಇದ್ದರೆ ಪಾಸಂಗದಿಂದ ಏನೂ ಆಗದು, ತೂಕ ಹೆಚ್ಚಿದಂತೆ ಮೋಸವೂ ಹೆಚ್ಚುತ್ತದೆ. ಹತ್ತಿರದ ತಪ್ಪು ಆ ಜಾತಿಯದು. ಅದನ್ನು ತಿದ್ದುವುದು ನಾಲಗೆಯ ತುದಿಯಲ್ಲಿ. ತುದಿಯನ್ನು ಹಿಡಿದ ಸ್ಕ್ರೂ ಸಡಿಲಿಸಿ ಅದರ ಓರೆ ಬದಲಿಸಿದರೆ ಲೆನ್ಸಿನ ಅಂಚನ್ನು ಮುಟ್ಟುವ ಜಾಗ ಬದಲಾಗುತ್ತದೆ. ಬದಲಾದ ಕೂಡಲೇ ಇನ್ಫಿನಿಟಿಯೂ ಹೋಯಿತು, ಮತ್ತೆ ಬೆಟ್ಟ, ಮತ್ತೆ ಬೆಂಕಿಕಡ್ಡಿ, ಮತ್ತೆ ಬೆಟ್ಟ. ನನ್ನ ಅಭಿಪ್ರಾಯ ಕೇಳಿದರೆ, ಮೂರು ನಾಲ್ಕು ಸೆಂಟಿಮೀಟರಿನ ತಪ್ಪಿಗೆ ನಾಲಗೆಗೆ ಕೈ ಹಾಕಬೇಡಿ. ಕಾರ್ಖಾನೆಯಿಂದ ಬಂದ ಮೇಲೆ ಅದು ತಾನಾಗಿ ಕದಲುವ ಭಾಗವಲ್ಲ. ಕದಲಿದ್ದರೆ ಯಾರೋ ಕದಲಿಸಿರುತ್ತಾರೆ.

ಎಲ್ಲ ಮುಗಿದ ಮೇಲೆ ಸ್ಕ್ರೂವಿನ ತಲೆಗೆ ಒಂದು ಹನಿ ಉಗುರುಬಣ್ಣ. ಕಾರ್ಖಾನೆಯಲ್ಲೂ ಅರಗಿನಂಥದ್ದನ್ನೇ ಹಚ್ಚುತ್ತಿದ್ದರು, ಅಲುಗಾಡದಿರಲಿ ಅಂತ. ಹಳೇ ಹನಿ ಒಡೆದಿದ್ದರೆ ನಿಮಗಿಂತ ಮುಂಚೆ ಯಾರೋ ಬಂದು ಹೋಗಿದ್ದಾರೆ ಅಂತ ತಿಳಿಯಿರಿ.

ಇನ್ನೊಂದು ಅಪರಾಧ ಒಪ್ಪಿಕೊಂಡು ಮುಗಿಸುತ್ತೇನೆ. ಫೆಡ್ ಸರಿಹೋದ ಹುರುಪಿನಲ್ಲಿ ಮನೆಯಲ್ಲಿದ್ದ ಇನ್ನೊಂದು ಕ್ಯಾಮೆರಾದ ಮೇಲ್ಮುಚ್ಚಳ ತೆಗೆದೆ. ಜೋಡಿ ಚಿತ್ರ ಮಸುಕಾಗಿತ್ತು, ಧೂಳಿರಬೇಕು ಅಂತ ಕಿವಿಗೆ ಹಾಕುವ ಹತ್ತಿಕಡ್ಡಿಗೆ ಲೆನ್ಸ್ ಒರೆಸುವ ದ್ರವ ಹಚ್ಚಿ ಅರೆಕನ್ನಡಿಯನ್ನು ಒಂದೇ ಸಲ, ಹಗುರವಾಗಿ, ಒರೆಸಿದೆ. ಹತ್ತಿ ಬೂದುಬಣ್ಣಕ್ಕೆ ತಿರುಗಿತು. ಧೂಳು ಅಂದುಕೊಂಡೆ. ಧೂಳಲ್ಲ, ಬೆಳ್ಳಿಲೇಪ. ಕನ್ನಡಿ ಹೋಗಿ ಬರೀ ಕಿಟಕಿ ಗಾಜು ಉಳಿಯಿತು, ಜೋಡಿ ಚಿತ್ರ ಅನ್ನುವುದೇ ಮಾಯ. ಆ ಲೇಪದ ಮೇಲೆ ಗಾಳಿ ಊದುವ ರಬ್ಬರ್ ಬುರುಡೆ ಬಿಟ್ಟರೆ ಬೇರೇನೂ ಮುಟ್ಟಬಾರದು. ಹೊರಗಿನ ಕಿಟಕಿ ಗಾಜುಗಳನ್ನು ಒರೆಸಿ, ಅರ್ಧ ಮಸುಕು ಅಲ್ಲೇ ಹೋಗುತ್ತದೆ.

ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ. ಹಿರಿಯರೊಬ್ಬರು ತಮ್ಮ ಯಾಶಿಕಾ ಎಲೆಕ್ಟ್ರೋ 35 ತಂದಿದ್ದರು. "ಇದಕ್ಕೆ ಹೊರಗಿನಿಂದ ತಿರುಗಿಸೋ ಸ್ಕ್ರೂ ಇಲ್ಲವಲ್ಲ ಸ್ವಾಮಿ?" ಅಂದರು. ಇಲ್ಲ. 1966ರಲ್ಲಿ ಶುರುವಾದ ಈ ಸಾಲಿನ ಕ್ಯಾಮೆರಾಗಳಲ್ಲಿ ಹೊಂದಿಸುವ ಸ್ಕ್ರೂಗಳೆಲ್ಲ ಮೇಲ್ಮುಚ್ಚಳದ ಒಳಗೆ. ಲೆನ್ಸು ಕಳಚುವುದಿಲ್ಲ, ಹಾಗಾಗಿ ಬೇರೆ ಲೆನ್ಸಿನ ಗೊಂದಲವೂ ಇಲ್ಲ, ಅದೊಂದು ನೆಮ್ಮದಿ. ಆದರೆ ಕ್ರಮ ಇದೇ. ಹಿಂಬದಿ ತೆರೆಯಿರಿ, ಮಬ್ಬು ಗಾಜು ಇಡಿ, ಲೆನ್ಸಿನ ಇನ್ಫಿನಿಟಿ ನಿಜವೋ ನೋಡಿ, ಆಮೇಲೆ ಮುಚ್ಚಳದ ಮಾತು. ಅದರ ಲೆನ್ಸು ಎಫ್/1.7, ಫೆಡ್‌ಗಿಂತಲೂ ಬೇಗ ತಪ್ಪು ಬಯಲು ಮಾಡುತ್ತದೆ.

ಇನ್ನೊಬ್ಬ ಹುಡುಗಿ ಕೇಳಿದಳು, "ಸರ್, ಇಷ್ಟೆಲ್ಲಾ ಮಾಡೋ ಬದಲು ಎಫ್/8ರಲ್ಲೇ ತೆಗೀತಾ ಇದ್ರೆ ಆಗಲ್ವಾ?" ಆಗುತ್ತಮ್ಮ. ನಾನೂ ಬಹಳ ಕಾಲ ಹಾಗೇ ಮಾಡಿದೆ. ಸಂಜೆ ಹೊತ್ತು ಯಾರನ್ನೂ ಬಾಗಿಲ ಬಳಿ ಕೂರಿಸದಿದ್ದರೆ ಸಾಕು.

ಮಾತು ಮುಗಿದ ಮೇಲೆ ಯಾಶಿಕಾದ ಹಿರಿಯರನ್ನು ಕರೆದುಕೊಂಡು ತಾರಸಿಗೆ ಹೋದೆವು. ಹಗಲಾದ್ದರಿಂದ ದೀಪ ಇಲ್ಲ, ಬೆಟ್ಟದ ಮೇಲಿನ ಗೋಪುರದ ಅಂಚನ್ನೇ ಹಿಡಿದು ನೋಡಿದೆವು. ಅಡ್ಡಕ್ಕೆ ಸರಿ ಇತ್ತು, ಜೋಡಿ ಚಿತ್ರ ಒಂದಿಷ್ಟು ಕೆಳಗೆ ಜೋತುಬಿದ್ದಿತ್ತು. ಮೇಲ್ಮುಚ್ಚಳ ತೆಗೆಯುವ ಹತಾರ ನನ್ನ ಹತ್ತಿರ ಇರಲಿಲ್ಲ. ಮುಂದಿನ ವಾರ ಬರುವಾಗ ಗಾಜಿನಂಗಡಿಗೆ ಹೋಗಿ ಪಟ್ಟಿ ಕತ್ತರಿಸಿಕೊಂಡು ಬನ್ನಿ, ಅಲ್ಲಿಯವರೆಗೆ ಅದನ್ನು ಬಿಚ್ಚಬೇಡಿ ಅಂತ ಹೇಳಿ ಕಳಿಸಿದ್ದೇನೆ.